‘ಸಿಕೋ’ ಚಿತ್ರಕ್ಕೆ ಒಂದು ಟೀಕು

ಅಮೆರಿಕದ ಮೈಕೆಲ್ ಮೂರ್ 2007ರಲ್ಲಿ ತೆಗೆದ ‘ಸಿಕೋ’ ಸಾಕ್ಷ್ಯಚಿತ್ರದ ಪ್ರದರ್ಶನವೊಂದಕ್ಕೆ ಕರಪತ್ರದ ಹಿಂಬದಿಗೆಂದು ಒಂಬತ್ತು ಸಾಲು ಬರೆದುಕೊಟ್ಟಿದ್ದೆ. ಜಾಗ ಇದ್ದದ್ದೇ ಅಷ್ಟು. ಸಾಲುಗಳು ಚಿಕ್ಕವು, ಅವುಗಳ ಹಿಂದಿನ ಜಗಳ ಚಿಕ್ಕದಲ್ಲ. ಒಂದು ಸಿನಿಮಾ ಒಂದು ದೇಶದ ಆರೋಗ್ಯ ನೀತಿಯ ಚರ್ಚೆಯನ್ನು ಎಷ್ಟು ದೂರ ತಳ್ಳಬಲ್ಲದು, ಎಲ್ಲಿಗೆ ಬಂದು ಅದರ ಕೈ ಸೋಲುತ್ತದೆ ಎಂಬುದು ಆ ಜಗಳದ ತಿರುಳು. ಹಳೆಯ ಕಾವ್ಯಗಳಿಗೆ ಟೀಕು ಬರೆಯುತ್ತಿದ್ದ ಕ್ರಮದಲ್ಲೇ ಮೊದಲು ಮೂಲವನ್ನು ಕೊಟ್ಟು, ಆಮೇಲೆ ಸಾಲು ಸಾಲಾಗಿ ಬಿಡಿಸುತ್ತೇನೆ.

ಮೂಲ

ಇದು ವಿಮೆ ಇಲ್ಲದವರ ಚಿತ್ರವಲ್ಲ, ವಿಮೆ ಇದ್ದವರ ಚಿತ್ರ.
ಇಲ್ಲಿ ಖಳನಾಯಕ ಒಂದು ಕಾಗದ.
ಮೂರ್ ಮೊದಲು ನಗಿಸುತ್ತಾರೆ, ಬಿಲ್ಲನ್ನು ಆಮೇಲೆ ಕೈಗಿಡುತ್ತಾರೆ.
ಗಡಿ ದಾಟಿದ ಕೂಡಲೇ ಅವರಿಗೆ ಎಲ್ಲವೂ ಚೆಂದ.
ಹವಾನಾಕ್ಕೆ ಹೋದದ್ದು ಚಿತ್ರಕ್ಕೆ ಹೆಸರು ತಂದಿತು, ವಾದಕ್ಕೆ ಏಟು ತಂದಿತು.
ನೋಡಿದವರು ಕೆಲವರು, ಮಾತಾಡಿದವರು ಹಲವರು.
ಎಲ್ಲರಿಗಿಂತ ಶ್ರದ್ಧೆಯಿಂದ ನೋಡಿದ್ದು ವಿಮಾ ಕಂಪನಿಗಳು.
ಚಿತ್ರದ ಪ್ರಶ್ನೆ ಕಾನೂನಿನೊಳಗೆ ಹೋಯಿತು, ಉತ್ತರ ಬಾಗಿಲಲ್ಲೇ ನಿಂತಿತು.
ಇಷ್ಟು ವರ್ಷವಾದರೂ ಹಳತಾಗಿಲ್ಲ ಎಂಬುದು ಹೊಗಳಿಕೆಯಲ್ಲ.

ವ್ಯಾಖ್ಯಾನ

*ಇದು ವಿಮೆ ಇಲ್ಲದವರ ಚಿತ್ರವಲ್ಲ, ವಿಮೆ ಇದ್ದವರ ಚಿತ್ರ.*

ಅಮೆರಿಕದ ಆರೋಗ್ಯ ವ್ಯವಸ್ಥೆಯ ಬಗ್ಗೆ ಯಾರು ಬಾಯಿ ತೆರೆದರೂ ಮೊದಲು ಬರುತ್ತಿದ್ದ ಅಂಕಿ ವಿಮೆ ಇಲ್ಲದವರದು. 2007ರಲ್ಲಿ ಅಂಥವರು ಸುಮಾರು 4.5 ಕೋಟಿ ಎಂದು ಅಲ್ಲಿನ ಜನಗಣತಿ ಇಲಾಖೆಯ ಲೆಕ್ಕ. ಮೂರ್ ಅವರನ್ನು ಮರೆತಿಲ್ಲ. ಚಿತ್ರ ಶುರುವಾಗುತ್ತಲೇ ಒಬ್ಬ ತನ್ನ ಮೊಣಕಾಲಿನ ಗಾಯಕ್ಕೆ ತಾನೇ ಸೂಜಿ ದಾರ ಹಿಡಿದು ಹೊಲಿಗೆ ಹಾಕಿಕೊಳ್ಳುತ್ತಾನೆ. ಇನ್ನೊಬ್ಬನ ಎರಡು ಬೆರಳ ತುದಿಗಳು ಗರಗಸಕ್ಕೆ ಸಿಕ್ಕಿ ಹೋಗಿವೆ. ಮತ್ತೆ ಜೋಡಿಸಲು ನಡುಬೆರಳಿಗೆ 60,000 ಡಾಲರ್, ಉಂಗುರದ ಬೆರಳಿಗೆ 12,000 ಡಾಲರ್ ಎಂದು ಆಸ್ಪತ್ರೆ ದರ ಹೇಳುತ್ತದೆ. ಆತ ಉಂಗುರದ ಬೆರಳನ್ನು ಉಳಿಸಿಕೊಂಡು ಮನೆಗೆ ಹೋಗುತ್ತಾನೆ. ಇಷ್ಟು ತೋರಿಸಿದ ಮೇಲೆ, ತಾನು ಹೇಳಹೊರಟದ್ದು ಇವರ ಕಥೆಯಲ್ಲ, ವಿಮೆ ಇರುವ 25 ಕೋಟಿ ಜನರ ಕಥೆ ಎಂದು ಮೂರ್ ದಾರಿ ಬದಲಿಸುತ್ತಾರೆ.

ಇಡೀ ಚಿತ್ರದಲ್ಲಿ ಇದಕ್ಕಿಂತ ಜಾಣ ರಾಜಕೀಯ ನಡೆ ಇನ್ನೊಂದಿಲ್ಲ. ಅದು ಯಾಕೆ ಜಾಣತನ ಎಂದು ತಿಳಿಯಲು 1993ಕ್ಕೆ ಹೋಗಬೇಕು. ಆ ವರ್ಷ ಅಧ್ಯಕ್ಷರಾದ ಬಿಲ್ ಕ್ಲಿಂಟನ್, ಪತ್ನಿ ಹಿಲರಿಯ ಮುಂದಾಳತ್ವದಲ್ಲಿ ಎಲ್ಲರಿಗೂ ವಿಮೆ ಕೊಡಿಸುವ ದೊಡ್ಡ ಯೋಜನೆಯೊಂದನ್ನು ತಯಾರಿಸಿದರು. ವಿಮಾ ಕಂಪನಿಗಳ ಸಂಘ ಅದಕ್ಕೆ ಪ್ರತಿಯಾಗಿ ಟೀವಿಯಲ್ಲಿ ‘ಹ್ಯಾರಿ ಮತ್ತು ಲೂಯಿಸ್’ ಎಂಬ ಜಾಹೀರಾತು ಸರಣಿ ಬಿಟ್ಟಿತು. ಮಧ್ಯಮ ವರ್ಗದ ಗಂಡ ಹೆಂಡತಿ ಮನೆಯ ಮೇಜಿನ ಮುಂದೆ ಕಾಗದಪತ್ರ ಹರಡಿಕೊಂಡು, ಸರ್ಕಾರ ತಮ್ಮ ಪಾಲಿಸಿಗೆ ಕೈ ಹಾಕುತ್ತಿದೆಯಲ್ಲ ಎಂದು ಚಿಂತೆ ಮಾಡುತ್ತಾರೆ, ಅಷ್ಟೇ. ಆ ಇಬ್ಬರಿಗೂ ವಿಮೆ ಇತ್ತು. ಅವರ ಹೆದರಿಕೆ ಇದ್ದದ್ದು ಕೈಲಿರುವುದು ಹೋಗಿಬಿಟ್ಟೀತು ಎಂದು. 1994ರ ಸೆಪ್ಟೆಂಬರ್ ಹೊತ್ತಿಗೆ ಯೋಜನೆ ಮೂಲೆ ಸೇರಿತು. ಮತದಾರರಲ್ಲಿ ಹೆಚ್ಚಿನವರು ವಿಮೆ ಇದ್ದವರು. ಇಲ್ಲದವರ ಬಗ್ಗೆ ಅವರಿಗೆ ಮರುಕ ಇರಬಹುದು, ಆದರೆ ಮರುಕಕ್ಕೆ ಓಟು ಬೀಳುವುದು ಕಡಿಮೆ. ಮೂರ್ ಮಾತಾಡಿಸಿದ್ದು ಈ ಹ್ಯಾರಿ–ಲೂಯಿಸರನ್ನೇ. ನಿಮ್ಮ ಪರ್ಸಿನಲ್ಲಿರುವ ಕಾರ್ಡು ಕಾಯಿಲೆ ಬಿದ್ದ ದಿನ ನಡೆಯುತ್ತದೆ ಎಂದು ಯಾರು ಹೇಳಿದರು ನಿಮಗೆ ಎಂಬುದು ಅವರ ಪ್ರಶ್ನೆ.

ಆ ಕಾರ್ಡು ಬರುವುದು ಕೆಲಸ ಕೊಟ್ಟ ಕಂಪನಿಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಬಳ ಏರಿಸದಂತೆ ಸರ್ಕಾರ ತಡೆ ಹಾಕಿತ್ತು. ಆಳು ಸಿಗದ ಕಾರ್ಖಾನೆಗಳು ಸಂಬಳದ ಬದಲು ವಿಮೆಯ ಆಸೆ ತೋರಿಸಿದವು. ಯುದ್ಧ ಮುಗಿಯಿತು, ತೆರಿಗೆ ವಿನಾಯಿತಿಯ ಬಲದಿಂದ ಪದ್ಧತಿ ಉಳಿಯಿತು. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಎಚ್‌-1ಬಿ ವೀಸಾದ ಮೇಲೆ ಅಲ್ಲಿರುವ ಕನ್ನಡದ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ ಕೊಳ್ಳುವ ಆರು ತಿಂಗಳ ಪಾಲಿಸಿಯ ಸಣ್ಣಕ್ಷರಗಳಲ್ಲಿ ‘ಮೊದಲೇ ಇದ್ದ ಕಾಯಿಲೆ’ ಎಂಬ ಮಾತನ್ನು ಅವರು ಎಷ್ಟು ಸಲ ಓದಿರುತ್ತಾರೋ. ಎಪ್ಪತ್ತು ದಾಟಿದ ನಮ್ಮ ಹಿರಿಯರಲ್ಲಿ ಬಿಪಿ, ಶುಗರ್ ಎರಡೂ ಇಲ್ಲದವರನ್ನು ಹುಡುಕಿ ತರಬೇಕು.

*ಇಲ್ಲಿ ಖಳನಾಯಕ ಒಂದು ಕಾಗದ.*

ಮೂರ್ ಅವರ ಹಿಂದಿನ ಚಿತ್ರಗಳಲ್ಲಿ ಬೆನ್ನಟ್ಟಲು ಒಬ್ಬ ಮನುಷ್ಯ ಇರುತ್ತಿದ್ದ. 1989ರ ‘ರೋಜರ್ ಅಂಡ್ ಮಿ’ಯಲ್ಲಿ ಜನರಲ್ ಮೋಟಾರ್ಸಿನ ಮುಖ್ಯಸ್ಥ, 2004ರ ‘ಫ್ಯಾರನ್‌ಹೀಟ್ 9/11’ರಲ್ಲಿ ಅಧ್ಯಕ್ಷ ಬುಷ್. ‘ಸಿಕೋ’ದಲ್ಲಿ ಕ್ಯಾಮೆರಾ ಹಿಡಿದು ಯಾವ ಕಂಪನಿಯ ಬಾಗಿಲನ್ನೂ ಅವರು ತಟ್ಟುವುದಿಲ್ಲ. ಅದರ ಬದಲು ಜನರ ಮನೆಗೆ ಬಂದ ಪತ್ರಗಳನ್ನು ಓದಿಸುತ್ತಾರೆ. ನಿಮ್ಮ ಕ್ಲೇಮು ಮಂಜೂರಾಗಿಲ್ಲ ಎನ್ನುವ ಪತ್ರ, ನಿಮ್ಮ ಚಿಕಿತ್ಸೆ ಇನ್ನೂ ಪ್ರಾಯೋಗಿಕ ಹಂತದ್ದು ಎನ್ನುವ ಪತ್ರ. ನಿಮ್ಮ ಅನುಭವ ಬರೆದು ಕಳಿಸಿ ಎಂದು 2006ರಲ್ಲಿ ಅವರು ಕೇಳಿದಾಗ ಒಂದೇ ವಾರದಲ್ಲಿ 25,000ಕ್ಕೂ ಹೆಚ್ಚು ಇಮೇಲ್ ಬಂದವಂತೆ.

ಅವುಗಳಿಂದ ಆರಿಸಿದ ಕಥೆಗಳಲ್ಲಿ ಕೆಲವು ನಂಬಲು ಕಷ್ಟ. ಕಾರು ಅಪಘಾತದಲ್ಲಿ ಎಚ್ಚರ ತಪ್ಪಿದ ಹೆಂಗಸನ್ನು ಆಂಬುಲೆನ್ಸಿನಲ್ಲಿ ಸಾಗಿಸಿದ್ದಾರೆ. ಆ ಆಂಬುಲೆನ್ಸಿಗೆ ಆಕೆ ಮುಂಗಡ ಅನುಮತಿ ಪಡೆದಿರಲಿಲ್ಲ ಎಂದು ಕಂಪನಿ ಹಣ ಕೊಡಲಿಲ್ಲ. ಇಪ್ಪತ್ತೆರಡರ ಹುಡುಗಿಗೆ ಗರ್ಭಕಂಠದ ಕ್ಯಾನ್ಸರ್. ಆ ವಯಸ್ಸಿಗೆ ಅದು ಬರುವಂಥದ್ದಲ್ಲ ಎಂದು ನಿರಾಕರಣೆ. ವಿಮೆ ಕೊಡದಿರಲು ಸಾಕಾಗುವ ಕಾಯಿಲೆಗಳ ಪಟ್ಟಿಯನ್ನು ಮೂರ್ ‘ಸ್ಟಾರ್ ವಾರ್ಸ್’ ಚಿತ್ರದ ಶುರುವಿನ ಅಕ್ಷರಗಳಂತೆ ನಕ್ಷತ್ರಗಳ ನಡುವೆ ಹರಿಯಬಿಡುತ್ತಾರೆ. ಅದು ಮುಗಿಯುವುದೇ ಇಲ್ಲ.

ಇವೆಲ್ಲ ಒಂದು ತೂಕವಾದರೆ ಡಾ. ಲಿಂಡಾ ಪೀನೊ ಅವರ ಮಾತು ಇನ್ನೊಂದು ತೂಕ. ಅದು ಮೂರ್ ತೆಗೆದ ದೃಶ್ಯವಲ್ಲ. 1996ರ ಮೇ 30ರಂದು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಆಕೆ ಕೊಟ್ಟ ಸಾಕ್ಷ್ಯದ ತುಣುಕು. ಹ್ಯುಮಾನ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವ ವೈದ್ಯೆಯಾಗಿದ್ದಾಗ, 1987ರಲ್ಲಿ, ಒಬ್ಬ ರೋಗಿಗೆ ಜೀವ ಉಳಿಸುವ ಶಸ್ತ್ರಚಿಕಿತ್ಸೆಯನ್ನು ತಾನು ನಿರಾಕರಿಸಿದೆ, ಆತ ಸತ್ತ, ಕಂಪನಿಗೆ ಐದು ಲಕ್ಷ ಡಾಲರ್ ಉಳಿಯಿತು, ತನಗೆ ಶಿಕ್ಷೆಯಾಗುವುದಿರಲಿ ಬಡ್ತಿಯ ದಾರಿ ಸಲೀಸಾಯಿತು ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮೂರ್ ಇಲ್ಲಿ ಏನೂ ಸೇರಿಸುವುದಿಲ್ಲ. ಎಲ್ಲ ಕಡೆ ತಾವೇ ಮಾತಾಡುವ ಈ ದೊಡ್ಡ ದೇಹದ ಮನುಷ್ಯ ಇಲ್ಲಿ ಸುಮ್ಮನಿದ್ದದ್ದೇ ದೊಡ್ಡದು. ಹನ್ನೊಂದು ವರ್ಷ ಕಡತದಲ್ಲಿ ಮಲಗಿದ್ದ ಸಾಕ್ಷ್ಯವನ್ನು ಚಿತ್ರ ಊರೂರಿನ ಪರದೆಗೆ ತಂದಿತು. ಸಾಕ್ಷ್ಯಚಿತ್ರ ರಾಜಕೀಯಕ್ಕೆ ಮಾಡಬಲ್ಲ ಉಪಕಾರಗಳಲ್ಲಿ ಇದು ಮೊದಲನೆಯದು: ಸರ್ಕಾರಕ್ಕೆ ಆಗಲೇ ಗೊತ್ತಿದ್ದದ್ದನ್ನು ಜನಕ್ಕೆ ಗೊತ್ತುಮಾಡುವುದು.

ಇನ್ನೊಂದು ಕಥೆಯನ್ನು ಬಿಡಲಾಗದು. ಒಂದು ಮಗುವಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಕಂಪನಿ ಒಂದು ಕಿವಿಯ ಯಂತ್ರಕ್ಕೆ ಮಾತ್ರ ಹಣ ಕೊಡುತ್ತೇನೆಂದಿತು. ಮೈಕೆಲ್ ಮೂರ್ ಇಂಥದೇ ಚಿತ್ರ ತೆಗೆಯುತ್ತಿದ್ದಾರಂತೆ, ನಿಮ್ಮ ಮುಖ್ಯಸ್ಥರು ಯಾವತ್ತಾದರೂ ಸಿನಿಮಾದಲ್ಲಿ ಕಾಣಿಸಿಕೊಂಡಿದ್ದಾರೆಯೇ ಎಂದು ಮಗುವಿನ ತಂದೆ ಬರೆದ. ಎರಡನೆಯ ಕಿವಿಗೂ ಮಂಜೂರಾತಿ ಬಂತು. ಚಿತ್ರ ಬಿಡುಗಡೆಯಾಗುವ ಮೊದಲೇ ಆದ ಸುಧಾರಣೆ ಇದು, ಒಂದೇ ಮಗುವಿಗೆ.

*ಮೂರ್ ಮೊದಲು ನಗಿಸುತ್ತಾರೆ, ಬಿಲ್ಲನ್ನು ಆಮೇಲೆ ಕೈಗಿಡುತ್ತಾರೆ.*

ಅವರ ನಗೆ ಬರೀ ಮನರಂಜನೆಯಲ್ಲ, ಅದಕ್ಕೊಂದು ಗುರಿ ಇದೆ. ಅಮೆರಿಕದಲ್ಲಿ ಸರ್ಕಾರಿ ವಿಮೆಯ ಮಾತೆತ್ತಿದರೆ ಸಾಕು, ‘ಸಮಾಜವಾದಿ ವೈದ್ಯಕೀಯ’ ಎಂಬ ಬೆದರುಬೊಂಬೆ ಎದ್ದು ನಿಲ್ಲುತ್ತದೆ. 1945ರಲ್ಲಿ ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ವಿಮೆ ಬೇಕೆಂದಾಗ ವೈದ್ಯರ ಸಂಘ ಅದನ್ನು ಹೊಡೆದುರುಳಿಸಿದ್ದು ಈ ಬೊಂಬೆಯಿಂದಲೇ. 1961ರಲ್ಲಿ ಅದೇ ಸಂಘ ಆಗಿನ್ನೂ ನಟರಾಗಿದ್ದ ರೊನಾಲ್ಡ್ ರೇಗನ್ ದನಿಯಲ್ಲಿ ಗ್ರಾಮಫೋನು ತಟ್ಟೆಯೊಂದನ್ನು ಹೊರತಂದಿತು. ವೈದ್ಯರ ಹೆಂಡತಿಯರು ನೆರೆಹೊರೆಯ ಹೆಂಗಸರನ್ನು ಕಾಫಿಗೆ ಕರೆದು ತಟ್ಟೆ ಹಾಕಿ ಕೇಳಿಸುತ್ತಿದ್ದರು. ಹಿರಿಯ ನಾಗರಿಕರಿಗೆ ಸರ್ಕಾರಿ ವಿಮೆ ಬಂದರೆ ದೇಶದ ಸ್ವಾತಂತ್ರ್ಯವೇ ಹೋಗುತ್ತದೆ ಎಂಬುದು ಅದರ ಸಾರ. ನಾಲ್ಕೇ ವರ್ಷಕ್ಕೆ, 1965ರಲ್ಲಿ, ಮೆಡಿಕೇರ್ ಎಂಬ ಆ ವಿಮೆ ಬಂತು. ಸ್ವಾತಂತ್ರ್ಯವೇನೂ ಹೋಗಲಿಲ್ಲ.

ಮೂರ್ ಆ ತಟ್ಟೆಯನ್ನು ಮತ್ತೆ ಹಾಕುತ್ತಾರೆ, ಹಿಂದೆ ಸೋವಿಯತ್ ಕಾಲದ ಚಿತ್ರಗಳನ್ನು ಓಡಿಸುತ್ತಾರೆ. ಆಮೇಲೆ ಅಗ್ನಿಶಾಮಕ ದಳ, ಅಂಚೆ, ಗ್ರಂಥಾಲಯ, ಸರ್ಕಾರಿ ಶಾಲೆ ಇವನ್ನೆಲ್ಲ ತೋರಿಸಿ, ಇವೂ ಸಮಾಜವಾದವೇ ಅಲ್ಲವೇ ಎನ್ನುತ್ತಾರೆ. ವಾದವಾಗಿ ನೋಡಿದರೆ ಇದು ತೆಳು. ಬೆಂಕಿ ಆರಿಸುವ ಖರ್ಚಿಗೂ ಕ್ಯಾನ್ಸರಿನ ಔಷಧಿಯ ಖರ್ಚಿಗೂ ಹೋಲಿಕೆ ಇಲ್ಲ. ಆದರೆ ಅರವತ್ತು ವರ್ಷದಿಂದ ಜನರನ್ನು ಹೆದರಿಸಿದ್ದ ಬೊಂಬೆಯನ್ನು ಥಿಯೇಟರಿನ ಕತ್ತಲಲ್ಲಿ ಜನ ನಕ್ಕು ನೋಡುವಂತೆ ಮಾಡುವುದು ಸಣ್ಣ ಕೆಲಸವಲ್ಲ.

*ಗಡಿ ದಾಟಿದ ಕೂಡಲೇ ಅವರಿಗೆ ಎಲ್ಲವೂ ಚೆಂದ.*

ಕೆನಡಾದಲ್ಲಿ ಕಾಯುವ ಕೋಣೆಯಲ್ಲಿರುವವರು ಇಪ್ಪತ್ತು ನಿಮಿಷ, ಮುಕ್ಕಾಲು ಗಂಟೆ ಅನ್ನುತ್ತಾರೆ. ಲಂಡನ್ನಿನಲ್ಲಿ ಆಗ ಯಾವ ಔಷಧಿಗಾದರೂ 6.65 ಪೌಂಡ್. ಆಸ್ಪತ್ರೆಯಲ್ಲಿ ‘ಕ್ಯಾಷಿಯರ್’ ಎಂಬ ಬೋರ್ಡು ಕಂಡು, ಕೊನೆಗೂ ಸಿಕ್ಕಿಬಿದ್ದರು ಎಂದು ಮೂರ್ ಓಡಿದರೆ, ಅದು ಬಡ ರೋಗಿಗಳಿಗೆ ಮನೆಗೆ ಹೋಗಲು ಬಸ್ ಛಾರ್ಜು ಕೊಡುವ ಕಿಟಕಿ. ಪ್ಯಾರಿಸಿನಲ್ಲಿ ವೈದ್ಯರು ರಾತ್ರಿ ಕಾರಿನಲ್ಲಿ ಮನೆ ಬಾಗಿಲಿಗೆ ಬರುತ್ತಾರೆ. ಇದೆಲ್ಲ ಸುಳ್ಳಲ್ಲ. ಕಂತು ಕಟ್ಟಿಯೂ ಬಿಲ್ಲಿಗೆ ಹೆದರುವ ಪ್ರೇಕ್ಷಕನಿಗೆ ಇವು ಬೇರೊಂದು ಲೋಕದ ಸುದ್ದಿ.

ಮೂರ್ ಬಿಟ್ಟದ್ದೂ ಇದೆ. ಚಿಕಿತ್ಸೆಗೆ ಕಾಯಬೇಕಾದ ಅವಧಿ ರೋಗಿಯ ಜೀವಕ್ಕೇ ಮುಳುವಾಗುತ್ತದೆ ಎಂಬ ತಕರಾರನ್ನು ಒಪ್ಪಿ ಕೆನಡಾದ ಸುಪ್ರೀಂ ಕೋರ್ಟ್ 2005ರ ಜೂನ್‌ನಲ್ಲಿ ಕ್ವಿಬೆಕ್ ಪ್ರಾಂತ್ಯದ ಖಾಸಗಿ ವಿಮೆಯ ನಿಷೇಧವನ್ನು ತೆಗೆದುಹಾಕಿತ್ತು. ಚಿತ್ರದಲ್ಲಿ ಅದರ ಸುಳಿವಿಲ್ಲ. ಕಾನ್ ಚಿತ್ರೋತ್ಸವದ ಪತ್ರಿಕಾಗೋಷ್ಠಿಯಲ್ಲಿ ಕೆನಡಾದ ಪತ್ರಕರ್ತರೇ ಎದ್ದುನಿಂತು, ನಮ್ಮ ದೇಶವನ್ನು ಇಷ್ಟು ಹೊಗಳಬೇಡಿ ಎಂದು ಮೂರ್ ಜೊತೆ ವಾದಕ್ಕಿಳಿದರು. ಎದುರಾಳಿಗಳಿಗೆ ಬೇಕಾದದ್ದೂ ಅಷ್ಟೇ. ಕ್ಯೂ, ಕ್ಯೂ, ಕ್ಯೂ ಎನ್ನುವುದೇ ಅವರ ಪಲ್ಲವಿಯಾಯಿತು.

ಚಿತ್ರ ಬಂದ ಮರುವರ್ಷ ಏಪ್ರಿಲ್‌ನಲ್ಲಿ ಪಿಬಿಎಸ್ ವಾಹಿನಿಯಲ್ಲಿ ಪತ್ರಕರ್ತ ಟಿ. ಆರ್. ರೀಡ್ ಅವರ ‘ಸಿಕ್ ಅರೌಂಡ್ ದ ವರ್ಲ್ಡ್’ ಬಂತು. ಬ್ರಿಟನ್, ಜಪಾನ್, ಜರ್ಮನಿ, ತೈವಾನ್, ಸ್ವಿಟ್ಜರ್ಲೆಂಡ್ ಸುತ್ತಿ ಅಲ್ಲಿನ ಒಳಿತು, ಕೊರತೆ ಎರಡನ್ನೂ ರೀಡ್ ಹೇಳುತ್ತಾರೆ. ಎಲ್ಲ ಕಡೆಯೂ ಸರ್ಕಾರವೇ ಆಸ್ಪತ್ರೆ ನಡೆಸುವುದಿಲ್ಲ, ಖಾಸಗಿ ವಿಮೆ ಇಟ್ಟುಕೊಂಡೂ ಎಲ್ಲರನ್ನೂ ಒಳಗೊಳ್ಳಬಹುದು ಎಂಬುದು ಅದರಿಂದ ಗೊತ್ತಾಗುತ್ತದೆ. ನೀತಿ ರೂಪಿಸುವವರಿಗೆ ಯಾವುದು ಉಪಯೋಗ ಎಂದು ಕೇಳಿದರೆ ನಾನು ರೀಡ್ ಕಡೆ. ಊಟದ ಹೊತ್ತಿನಲ್ಲಿ ಮನೆಮನೆಯ ಜಗಳವಾಗುವುದು ಯಾವುದು ಎಂದರೆ ಮೂರ್.

*ಹವಾನಾಕ್ಕೆ ಹೋದದ್ದು ಚಿತ್ರಕ್ಕೆ ಹೆಸರು ತಂದಿತು, ವಾದಕ್ಕೆ ಏಟು ತಂದಿತು.*

2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕಿನ ಅವಶೇಷಗಳಲ್ಲಿ ದುಡಿದು ಶ್ವಾಸಕೋಶ ಕೆಡಿಸಿಕೊಂಡ ಸ್ವಯಂಸೇವಕರನ್ನು ಮೂರ್ ದೋಣಿ ಹತ್ತಿಸಿ ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟನಾಮೊ ಸೇನಾ ನೆಲೆಯ ಹತ್ತಿರ ಒಯ್ಯುತ್ತಾರೆ. ಅಲ್ಲಿನ ಕೈದಿಗಳಿಗೆ ಸಿಗುವ ಬಿಟ್ಟಿ ಚಿಕಿತ್ಸೆಯನ್ನು ಇವರಿಗೂ ಕೊಡಿ ಎಂದು ಧ್ವನಿವರ್ಧಕದಲ್ಲಿ ಕೇಳುತ್ತಾರೆ. ಉತ್ತರ ಬಾರದೆ ಹವಾನಾದ ಆಸ್ಪತ್ರೆಗೆ ಹೋಗುತ್ತಾರೆ. ಅಮೆರಿಕದಲ್ಲಿ 120 ಡಾಲರ್ ಕೊಡುತ್ತಿದ್ದ ಇನ್‌ಹೇಲರ್ ಅಲ್ಲಿ ಐದು ಸೆಂಟಿಗೆ ಸಿಕ್ಕಾಗ ಒಬ್ಬಾಕೆ ಅತ್ತುಬಿಡುತ್ತಾರೆ.

ಚಿತ್ರ ಕಾನ್‌ನಲ್ಲಿ ತೆರೆ ಕಾಣುವ ಮೊದಲೇ, 2007ರ ಮೇ ತಿಂಗಳ ಮೊದಲಲ್ಲಿ, ಅಮೆರಿಕದ ಖಜಾನೆ ಇಲಾಖೆ ಕ್ಯೂಬಾದ ಮೇಲಿನ ದಿಗ್ಬಂಧ ಮುರಿದದ್ದಕ್ಕೆ ವಿವರಣೆ ಕೊಡಿ ಎಂದು ಮೂರ್‌ಗೆ ಪತ್ರ ಬರೆಯಿತು. ಅಷ್ಟು ಪ್ರಚಾರವನ್ನು ದುಡ್ಡು ಕೊಟ್ಟೂ ಕೊಳ್ಳಲಾಗುತ್ತಿರಲಿಲ್ಲ. ಆದರೆ ಲಾಭವೆಲ್ಲ ಅಲ್ಲಿಗೇ ನಿಂತಿತು. ಜರ್ಮನಿಯನ್ನೋ ಜಪಾನನ್ನೋ ಮಾದರಿ ಎಂದು ತೋರಿಸಬಹುದಾಗಿದ್ದ ವಾದವನ್ನು ಒಂದು ಪಕ್ಷದ ಸರ್ವಾಧಿಕಾರದ ದ್ವೀಪಕ್ಕೆ ಕಟ್ಟಿಹಾಕಿದ್ದು ಎದುರಾಳಿಗೆ ಕತ್ತಿಯ ಹಿಡಿ ಕೊಟ್ಟಂತಾಯಿತು. ವಿದೇಶಿ ಕ್ಯಾಮೆರಾದ ಮುಂದೆ ತೆರೆದ ಆಸ್ಪತ್ರೆಯೇ ಸಾಮಾನ್ಯ ಕ್ಯೂಬಾದವರಿಗೂ ಸಿಗುತ್ತದೆಯೇ ಎಂದು ಚಿತ್ರ ಕೇಳಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2000ದ ಪಟ್ಟಿಯಲ್ಲಿ ಅಮೆರಿಕ 37ನೆಯದು ಎಂದು ಮೂರ್ ಎತ್ತಿ ಆಡುತ್ತಾರೆ. ಅದೇ ಪಟ್ಟಿಯಲ್ಲಿ ಕ್ಯೂಬಾ 39ನೆಯದು.

2007ರ ಜುಲೈನಲ್ಲಿ ಸಿಎನ್‌ಎನ್ ವಾಹಿನಿಯ ಡಾ. ಸಂಜಯ್ ಗುಪ್ತಾ ಚಿತ್ರದ ಅಂಕಿ ಅಂಶಗಳನ್ನು ಪರೀಕ್ಷೆಗೆ ಒಡ್ಡಿದರು. ಮೂರ್ ನೇರ ಪ್ರಸಾರದಲ್ಲೇ ಸಿಡಿದೆದ್ದರು. ಕ್ಯೂಬಾ ಒಬ್ಬೊಬ್ಬರಿಗೆ ಮಾಡುವ ವಾರ್ಷಿಕ ವೆಚ್ಚ 251 ಡಾಲರ್ ಎಂದು ಚಿತ್ರ ಹೇಳಿದ್ದನ್ನು ವಾಹಿನಿ 25 ಎಂದು ಓದಿತ್ತು; ಅದಕ್ಕೆ ಕ್ಷಮೆ ಕೇಳಬೇಕಾಯಿತು. ಅಂಕಿಗಳ ಮೇಲಿನ ಈ ಕುಸ್ತಿಯಲ್ಲಿ ಮೂರ್ ಗೆದ್ದರೆಂದೇ ಹೇಳಬೇಕು. ಆದರೆ ದೇಶವೆಲ್ಲ ಕ್ಯೂಬಾದ ಖರ್ಚಿನ ಬಗ್ಗೆ ಮಾತಾಡಿತೇ ಹೊರತು ಪೀನೊ ಹೇಳಿದ್ದರ ಬಗ್ಗೆ ಅಲ್ಲ. ಇದೇ ಗುಪ್ತಾ ಅವರನ್ನು 2009ರಲ್ಲಿ ಸರ್ಕಾರದ ಮುಖ್ಯ ವೈದ್ಯರೆನಿಸುವ ಸರ್ಜನ್ ಜನರಲ್ ಹುದ್ದೆಗೆ ಬನ್ನಿ ಎಂದು ಅಧ್ಯಕ್ಷ ಒಬಾಮ ಕೇಳಿದ್ದರು, ಅವರು ಒಲ್ಲೆ ಎಂದರು. 2014ರಲ್ಲಿ ಆ ಕುರ್ಚಿಗೆ ಬಂದವರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ, 2008ರಿಂದಲೂ ಸುಧಾರಣೆಯ ಪರವಾಗಿ ವೈದ್ಯರನ್ನು ಒಟ್ಟುಗೂಡಿಸಿದ್ದವರು.

*ನೋಡಿದವರು ಕೆಲವರು, ಮಾತಾಡಿದವರು ಹಲವರು.*

ಚಿತ್ರ ಅಮೆರಿಕದಲ್ಲಿ ಸುಮಾರು 2.45 ಕೋಟಿ ಡಾಲರ್ ಗಳಿಸಿತು. ಸಾಕ್ಷ್ಯಚಿತ್ರಕ್ಕೆ ಅದು ಭರ್ಜರಿ ಗಳಿಕೆ, ಆದರೂ ‘ಫ್ಯಾರನ್‌ಹೀಟ್ 9/11’ ಗಳಿಸಿದ 11.9 ಕೋಟಿಯ ಮುಂದೆ ಏನೂ ಅಲ್ಲ. (ಅಷ್ಟು ಗಳಿಸಿದ ಆ ಚಿತ್ರ ಬುಷ್ ಅವರನ್ನು ಸೋಲಿಸಲಿಲ್ಲ ಎಂಬುದನ್ನೂ ನೆನಪಿಡಿ.) ಬಿಡುಗಡೆಯಾಗಿ ತಿಂಗಳ ಮೇಲೆ ಕೈಸರ್ ಫ್ಯಾಮಿಲಿ ಫೌಂಡೇಷನ್ ಸಮೀಕ್ಷೆ ಮಾಡಿದಾಗ ‘ಸಿಕೋ’ ನೋಡಿದವರು ನೂರಕ್ಕೆ 4. ನೋಡಿದವರ ಜೊತೆಗೆ ಅದರ ಬಗ್ಗೆ ಕೇಳಿದವರನ್ನೂ ಓದಿದವರನ್ನೂ ಸೇರಿಸಿದರೆ 46. ಈ ಗುಂಪಿನಲ್ಲಿ ನೂರಕ್ಕೆ 45 ಜನ ಚಿತ್ರದ ನೆವದಿಂದ ಸ್ನೇಹಿತರ, ಮನೆಯವರ, ಸಹೋದ್ಯೋಗಿಗಳ ಜೊತೆ ಆರೋಗ್ಯ ವ್ಯವಸ್ಥೆಯ ಚರ್ಚೆ ಮಾಡಿದ್ದರು. 43 ಜನ ಸುಧಾರಣೆ ಬೇಕೆಂಬ ಕಡೆಗೆ ಇನ್ನಷ್ಟು ವಾಲಿದ್ದಾಗಿ ಹೇಳಿದರು.

ಟಿಕೆಟ್ ಕೊಂಡವರ ಹತ್ತು ಪಟ್ಟಿಗಿಂತ ಹೆಚ್ಚು ಜನಕ್ಕೆ ಚಿತ್ರ ಮುಟ್ಟಿದ್ದು ಹೀಗೆ. ಕ್ಯಾಲಿಫೋರ್ನಿಯಾದ ದಾದಿಯರ ಸಂಘ ಇದನ್ನು ಚೆನ್ನಾಗಿ ಅರಿತಿತ್ತು. ಆಸ್ಪತ್ರೆಯ ಸಮವಸ್ತ್ರದಲ್ಲೇ ದಾದಿಯರು ಥಿಯೇಟರುಗಳ ಮುಂದೆ ನಿಂತು ಕರಪತ್ರ ಹಂಚಿದರು. ಜೂನ್‌ನಲ್ಲಿ ಮೂರ್ ಅವರನ್ನು ರಾಜಧಾನಿ ಸ್ಯಾಕ್ರಮೆಂಟೊಗೆ ಕರೆಸಿ, ರಾಜ್ಯದ ಎಲ್ಲರಿಗೂ ಸರ್ಕಾರವೇ ವಿಮೆ ಕೊಡುವ ಮಸೂದೆಯ ಪರ ಮೆರವಣಿಗೆ ಮಾಡಿದರು. ಆ ಮಸೂದೆ ಶಾಸನಸಭೆಯಲ್ಲಿ ಗೆದ್ದೂ ಗವರ್ನರ್ ಶ್ವಾರ್ಜ್‌ನೆಗರ್ ಅವರ ವೀಟೊಗೆ 2008ರಲ್ಲಿ ಎರಡನೆಯ ಸಲ ಬಲಿಯಾಯಿತು.

*ಎಲ್ಲರಿಗಿಂತ ಶ್ರದ್ಧೆಯಿಂದ ನೋಡಿದ್ದು ವಿಮಾ ಕಂಪನಿಗಳು.*

ಇದು ನನ್ನ ಊಹೆಯಲ್ಲ. ಸಿಗ್ನಾ ಕಂಪನಿಯ ಪ್ರಚಾರ ವಿಭಾಗದ ಮುಖ್ಯಸ್ಥರಾಗಿದ್ದ ವೆಂಡೆಲ್ ಪಾಟರ್ ಕೆಲಸ ಬಿಟ್ಟ ಮೇಲೆ ಬಾಯಿ ಬಿಟ್ಟದ್ದು. 2009ರ ಜೂನ್ 24ರಂದು ಸೆನೆಟ್ ಸಮಿತಿಯ ಮುಂದೆ, ಜುಲೈನಲ್ಲಿ ಬಿಲ್ ಮಾಯರ್ಸ್ ಅವರ ಟೀವಿ ಸಂದರ್ಶನದಲ್ಲಿ, ಮರುವರ್ಷ ‘ಡೆಡ್ಲಿ ಸ್ಪಿನ್’ ಪುಸ್ತಕದಲ್ಲಿ ಅವರು ಒಳಗಿನದನ್ನೆಲ್ಲ ಹೊರಗೆ ಹಾಕಿದರು. ಕಾನ್‌ನ ಮೊದಲ ಪ್ರದರ್ಶನಕ್ಕೇ ಉದ್ಯಮದ ಒಬ್ಬರು ಪ್ರೇಕ್ಷಕರ ನಡುವೆ ಕೂತಿದ್ದು, ಚಿತ್ರದಲ್ಲಿ ಏನೇನಿದೆ ಎಂದು ಫೋನಿನಲ್ಲಿ ವರದಿ ಒಪ್ಪಿಸಿದರಂತೆ. ವಿಮಾ ಕಂಪನಿಗಳ ಸಂಘದ ತಂತ್ರ ಸರಳವಾಗಿತ್ತು. ಮೂರ್ ಅವರನ್ನು ಹಾಲಿವುಡ್ಡಿನ ತೀವ್ರವಾದಿ ಎಂದು ಬಿಂಬಿಸುವುದು. ವಿದೇಶಗಳ ಸರ್ಕಾರಿ ಆಸ್ಪತ್ರೆಗಳ ಕರಾಳ ಕಥೆಗಳನ್ನು ಪತ್ರಿಕೆಗಳಿಗೆ ಉಣಿಸುವುದು. ಸ್ವತಂತ್ರವೆಂದು ಕಾಣುವ ಸಂಸ್ಥೆಯೊಂದನ್ನು ಮುಂದಿಟ್ಟು ಟೀಕೆ ಮಾಡಿಸುವುದು. ಈ ಚಿತ್ರದ ಜೊತೆ ಗುರುತಿಸಿಕೊಂಡರೆ ನಿಮ್ಮ ಪಕ್ಷಕ್ಕೇ ನಷ್ಟ ಎಂದು ಡೆಮಾಕ್ರಟಿಕ್ ನಾಯಕರ ಕಿವಿಯಲ್ಲಿ ಹೇಳುವುದು.

ಕೊನೆಯದು ಎಲ್ಲಕ್ಕಿಂತ ಫಲ ಕೊಟ್ಟಿತು. 2007ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಎಡ್ವರ್ಡ್ಸ್, ಒಬಾಮ, ಹಿಲರಿ ಕ್ಲಿಂಟನ್ ಮೂವರೂ ಆರೋಗ್ಯ ಯೋಜನೆ ಪ್ರಕಟಿಸಿದರು. ಮೂರ್ ಕೇಳಿದಂತೆ ಖಾಸಗಿ ವಿಮೆಯನ್ನೇ ತೆಗೆದುಹಾಕುವ ಮಾತು ಮೂವರಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಅದನ್ನು ಹೇಳಿದ್ದು ಗೆಲ್ಲುವ ನಿರೀಕ್ಷೆಯೇ ಇಲ್ಲದ ಡೆನ್ನಿಸ್ ಕುಸಿನಿಚ್ ಮಾತ್ರ.

ಪಾಟರ್ ಮನಸ್ಸು ತಿರುಗಿದ್ದು ಬರೀ ‘ಸಿಕೋ’ದಿಂದಲ್ಲ. ಚಿತ್ರ ಬಿಡುಗಡೆಯಾದ ಮರುತಿಂಗಳು ಅವರು ವರ್ಜೀನಿಯಾದ ವೈಸ್ ಕೌಂಟಿಯ ಮೈದಾನದಲ್ಲಿ ನಡೆದ ಉಚಿತ ಆರೋಗ್ಯ ಶಿಬಿರ ನೋಡಿದ್ದರು. ಜಾತ್ರೆಯಲ್ಲಿ ದನಕರು ಕಟ್ಟುವ ಅಂಕಣಗಳಲ್ಲಿ ಜನ ಮಲಗಿ ಹಲ್ಲು ಕೀಳಿಸಿಕೊಳ್ಳುತ್ತಿದ್ದರು. ಪಾಟರ್ ಬೆಳೆದದ್ದು ಅಲ್ಲೇ ಆಸುಪಾಸಿನಲ್ಲಿ. ಚಿತ್ರ ಹೇಳಿದ್ದು ನಿಜವೆಂದು ಅವರು ಟೀವಿಯಲ್ಲೇ ಒಪ್ಪಿದರು, ಆಮೇಲೆ ಮೂರ್ ಅವರ ಕ್ಷಮೆಯನ್ನೂ ಕೇಳಿದರು. ಲಕ್ಷಾಂತರ ಪ್ರೇಕ್ಷಕರಿಗಿಂತ ಈ ಒಬ್ಬ ಪ್ರೇಕ್ಷಕ ಚರ್ಚೆಗೆ ಹೆಚ್ಚು ಕೊಟ್ಟ ಎಂದು ನನಗನ್ನಿಸುತ್ತದೆ. ಸಂಸತ್ತು ಸಿನಿಮಾದ ಮಾತನ್ನು ಕಡತಕ್ಕೆ ಸೇರಿಸುವುದಿಲ್ಲ, ಸಾಕ್ಷಿಯ ಮಾತನ್ನು ಸೇರಿಸುತ್ತದೆ.

*ಚಿತ್ರದ ಪ್ರಶ್ನೆ ಕಾನೂನಿನೊಳಗೆ ಹೋಯಿತು, ಉತ್ತರ ಬಾಗಿಲಲ್ಲೇ ನಿಂತಿತು.*

ಉತ್ತರ ಬಾಗಿಲಲ್ಲಿ ನಿಂತಿತು ಎಂದದ್ದು ಅಲಂಕಾರಕ್ಕಲ್ಲ. 2009ರ ಮೇ 5ರಂದು ಸೆನೆಟರ್ ಮ್ಯಾಕ್ಸ್ ಬಾಕಸ್ ಅವರ ಸಮಿತಿ ಸುಧಾರಣೆಯ ವಿಚಾರಣೆ ನಡೆಸಿದಾಗ, ಎಲ್ಲರ ಚಿಕಿತ್ಸೆಗೂ ಸರ್ಕಾರವೊಂದೇ ಹಣ ಕೊಡುವ ‘ಏಕವಿಮೆ’ಯ ಪರ ಮಾತಾಡಲು ಒಬ್ಬರನ್ನೂ ಕರೆದಿರಲಿಲ್ಲ. ನಮಗೂ ಒಂದು ಕುರ್ಚಿ ಕೊಡಿ ಎಂದು ಎದ್ದುನಿಂತ ಎಂಟು ಮಂದಿಯನ್ನು ಪೊಲೀಸರು ಹಿಡಿದು ಹೊರಗೆ ಹಾಕಿದರು. ಅವರಲ್ಲಿ ವೈದ್ಯರೂ ಇದ್ದರು. ಪ್ರತಿನಿಧಿ ಜಾನ್ ಕಾನ್ಯರ್ಸ್ 2003ರಿಂದ ಸತತವಾಗಿ ತರುತ್ತಿದ್ದ ಏಕವಿಮೆಯ ಮಸೂದೆ ಕೆಳಮನೆಯಲ್ಲಿ ಮತಕ್ಕೇ ಬರಲಿಲ್ಲ. ಕಡೆಗೆ ಖಾಸಗಿ ವಿಮೆಯ ಪಕ್ಕದಲ್ಲಿ ಒಂದು ಸರ್ಕಾರಿ ವಿಮೆಯೂ ಇರಲಿ ಎಂಬ ಸಣ್ಣ ಬೇಡಿಕೆಯನ್ನು ಕೂಡ ಸೆನೆಟರ್ ಲೀಬರ್‌ಮನ್ ಅವರ ಒಂದು ಮತಕ್ಕಾಗಿ ಕೈಬಿಡಬೇಕಾಯಿತು.

ಪ್ರಶ್ನೆ ಒಳಗೆ ಹೋದದ್ದು ಹೇಗೆ? 2009ರ ಬೇಸಿಗೆಯಲ್ಲಿ ಒಬಾಮ ‘ಆರೋಗ್ಯ ಸುಧಾರಣೆ’ ಎನ್ನುವುದನ್ನು ಬಿಟ್ಟು ‘ಆರೋಗ್ಯ ವಿಮೆಯ ಸುಧಾರಣೆ’ ಎನ್ನತೊಡಗಿದರು. ವಿಮೆ ಇದ್ದವರ ಅಸಮಾಧಾನವನ್ನು ಮುಂದಿಟ್ಟುಕೊಂಡರೆ ಮಾತ್ರ ಮಸೂದೆ ಬದುಕುತ್ತದೆ ಎಂಬುದು ಶ್ವೇತಭವನಕ್ಕೆ ಅರಿವಾಗಿತ್ತು. ಎರಡು ವರ್ಷದ ಹಿಂದೆ ‘ಸಿಕೋ’ ಹಿಡಿದ ದಾರಿ ಅದೇ. ಜೂನ್ 16ರಂದು ಕೆಳಮನೆಯ ಸಮಿತಿಯೊಂದರ ವಿಚಾರಣೆಯಲ್ಲಿ ಮೂರು ದೊಡ್ಡ ವಿಮಾ ಕಂಪನಿಗಳ ಹಿರಿಯ ಅಧಿಕಾರಿಗಳು ಸಾಲಾಗಿ ಕೂತಿದ್ದರು. ಐದು ವರ್ಷದಲ್ಲಿ ಈ ಮೂರು ಕಂಪನಿಗಳು ಸುಮಾರು 20,000 ಪಾಲಿಸಿಗಳನ್ನು ಕಾಯಿಲೆ ಬಂದ ಮೇಲೆ ರದ್ದುಮಾಡಿ 30 ಕೋಟಿ ಡಾಲರ್ ಉಳಿಸಿಕೊಂಡಿವೆ ಎಂದು ಸಮಿತಿ ಲೆಕ್ಕ ತೆಗೆದಿತ್ತು. ಬೇಕೆಂದು ಮೋಸ ಮಾಡದವರ ಪಾಲಿಸಿಯನ್ನಾದರೂ ಇನ್ನು ರದ್ದು ಮಾಡುವುದಿಲ್ಲ ಎಂದು ಮಾತು ಕೊಡುವಿರಾ ಎಂದು ಸಮಿತಿಯವರು ಕೇಳಿದರು. ಮೂವರೂ ಇಲ್ಲ ಎಂದರು. ಮೂರ್ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

2010ರ ಮಾರ್ಚ್ 21ರಂದು ಕೆಳಮನೆ 219–212 ಮತಗಳಿಂದ ಮಸೂದೆಯನ್ನು ಒಪ್ಪಿತು, 23ರಂದು ಒಬಾಮ ಸಹಿ ಹಾಕಿದರು. ಕಾಯಿಲೆ ಬಂದ ಮೇಲೆ ಪಾಲಿಸಿ ರದ್ದು ಮಾಡುವಂತಿಲ್ಲ, ಜೀವಮಾನಕ್ಕೆ ಇಷ್ಟೇ ಎಂದು ಮಿತಿ ಹಾಕುವಂತಿಲ್ಲ, 2014ರ ಜನವರಿ 1ರಿಂದ ‘ಮೊದಲೇ ಇದ್ದ ಕಾಯಿಲೆ’ ಎಂದು ಯಾರನ್ನೂ ತಿರಸ್ಕರಿಸುವಂತಿಲ್ಲ. ಚಿತ್ರದಲ್ಲಿ ನಕ್ಷತ್ರಗಳ ನಡುವೆ ಹರಿದ ಪಟ್ಟಿ ಆ ದಿನ ರದ್ದಾಯಿತು. ಕ್ಲೇಮಿಗೆ ಕೊಟ್ಟ ಹಣವನ್ನು ಕಂಪನಿಗಳು ತಮ್ಮ ಲೆಕ್ಕದಲ್ಲಿ ‘ವೈದ್ಯಕೀಯ ನಷ್ಟ’ ಎಂದು ಬರೆಯುತ್ತವೆ ಎಂದು ಚಿತ್ರ ಬಯಲು ಮಾಡಿತ್ತು. ಕಂತಿನ ಹಣದಲ್ಲಿ ನೂರಕ್ಕೆ 80, ದೊಡ್ಡ ಗುಂಪು ವಿಮೆಯಲ್ಲಿ 85, ಚಿಕಿತ್ಸೆಗೇ ಹೋಗಬೇಕೆಂದು ಕಾನೂನು ಕಟ್ಟು ಹಾಕಿತು. ಆದರೆ ಕಾನೂನಿನ ಅಸ್ಥಿಪಂಜರ ಬಂದದ್ದು ಮೂರ್ ಅವರಿಂದಲ್ಲ, 2006ರಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಸಹಿ ಮಾಡಿದ ಮ್ಯಾಸಚೂಸೆಟ್ಸ್ ಕಾನೂನಿನಿಂದ. ಎಲ್ಲರೂ ವಿಮೆ ಕೊಳ್ಳಲೇಬೇಕು, ಕೊಳ್ಳಲಾಗದವರಿಗೆ ಸರ್ಕಾರ ಸಹಾಯಧನ ಕೊಡಬೇಕು ಎಂಬುದು ಅದರ ತಿರುಳಾಗಿತ್ತು. ಮೂರ್ ಓಡಿಸಬೇಕೆಂದಿದ್ದ ಕಂಪನಿಗಳಿಗೆ ಸರ್ಕಾರವೇ ಗಿರಾಕಿಗಳನ್ನು ಕರೆತಂದು ಕೊಟ್ಟಿತು.

‘ಸಿಕೋ’ ಇಲ್ಲದಿದ್ದರೆ ಈ ಕಾನೂನು ಬರುತ್ತಿರಲಿಲ್ಲವೇ? ಬರುತ್ತಿತ್ತು. 2008ರ ಆರ್ಥಿಕ ಕುಸಿತದಲ್ಲಿ ಕೆಲಸದ ಜೊತೆ ವಿಮೆ ಕಳೆದುಕೊಂಡವರು, ಸೆನೆಟ್ಟಿನಲ್ಲಿ ಒಂದು ಪಕ್ಷಕ್ಕೆ ಸಿಕ್ಕ ಅಪರೂಪದ 60 ಮತ, ಇವು ಯಾವ ಚಿತ್ರಕ್ಕಿಂತಲೂ ಬಲವಾದವು. ದೋಷ ಯಾರದು ಎಂದು ಬೆರಳು ತೋರಿಸುವುದರಲ್ಲಿ ಚಿತ್ರ ಗೆದ್ದಿತು. ಮದ್ದು ಯಾವುದು ಎನ್ನುವಲ್ಲಿ ಅದರ ಮಾತಿಗೆ ಬೆಲೆ ಸಿಗಲಿಲ್ಲ.

*ಇಷ್ಟು ವರ್ಷವಾದರೂ ಹಳತಾಗಿಲ್ಲ ಎಂಬುದು ಹೊಗಳಿಕೆಯಲ್ಲ.*

ವಿಮೆ ಇಲ್ಲದ ಅಮೆರಿಕನ್ನರು 2023ರಲ್ಲಿ ಸುಮಾರು 2.6 ಕೋಟಿ, ಚಿತ್ರ ಬಂದಾಗ ಇದ್ದವರ ಅರ್ಧಕ್ಕಿಂತ ತುಸು ಹೆಚ್ಚು. ಅದು ಕಾನೂನಿನ ಗೆಲುವು. ‘ಮಂಜೂರಾಗಿಲ್ಲ’ ಎನ್ನುವ ಪತ್ರಗಳು ಮಾತ್ರ ನಿಂತಿಲ್ಲ. 2024ರ ಡಿಸೆಂಬರ್ 4ರಂದು ಯುನೈಟೆಡ್‌ಹೆಲ್ತ್‌ಕೇರ್ ಕಂಪನಿಯ ಮುಖ್ಯಸ್ಥರನ್ನು ನ್ಯೂಯಾರ್ಕಿನ ಬೀದಿಯಲ್ಲಿ ಗುಂಡಿಟ್ಟು ಕೊಂದಾಗ, ಕ್ಲೇಮು ತಡಮಾಡುವುದು, ನಿರಾಕರಿಸುವುದು ಎಂಬುದನ್ನು ನೆನಪಿಸುವ ಮಾತುಗಳು ಗುಂಡುಗಳ ಮೇಲಿದ್ದವು. ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆಮೇಲೆ ಹೊರಬಿದ್ದ ಜನರ ಸಿಟ್ಟು ಮಾತ್ರ 25,000 ಇಮೇಲ್‌ಗಳಲ್ಲಿ ಇದ್ದದ್ದೇ. ಆ ತಿಂಗಳಲ್ಲೇ ಮೂರ್ ‘ಸಿಕೋ’ವನ್ನು ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಬಿಟ್ಟಿ ನೋಡಲೆಂದು ಹಾಕಿದರು.

ನೋಡುವುದಾದರೆ ಒಂದು ಕೋರಿಕೆ. ಕ್ಯೂಬಾದ ಭಾಗದಲ್ಲಿ ಅಳು ಬಂದರೂ ಅದನ್ನು ಪುರಾವೆ ಎಂದುಕೊಳ್ಳಬೇಡಿ. ಲಿಂಡಾ ಪೀನೊ ಅವರ ಸಾಕ್ಷ್ಯಕ್ಕೆ ಬಂದಾಗ ಮಾತ್ರ ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ಕೇಳಿ.